ಆರಾಮ ಕೇಳಿ ಕಾರ್ಖಾನೆ ನಿಲ್ಲಿಸಿದ ಕಾಕಾ

ಕಾರ್ಖಾನೆ ನಿಲ್ಲಿಸಿದವರು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮುಷ್ಕರ ಹೂಡಿ ನಿಲ್ಲಿಸಿದವರಿದ್ದಾರೆ, ಕೋರ್ಟಿಗೆ ಹೋಗಿ ನಿಲ್ಲಿಸಿದವರಿದ್ದಾರೆ, ಗೇಟಿಗೆ ಅಡ್ಡ ಮಲಗಿ ನಿಲ್ಲಿಸಿದವರೂ ಇದ್ದಾರೆ. ಆದರೆ ಬರೀ ‘ಆರಾಮ ಅದೀರಿ?’ ಎಂದು ಕೇಳಿಯೇ ಒಂದು ಸಿಮೆಂಟ್ ಕಾರ್ಖಾನೆಯನ್ನು ನಿಲ್ಲಿಸಿದವರು ನಿಮಗೆ ಯಾರಾದರೂ ಗೊತ್ತೇ? ನನಗೆ ಗೊತ್ತು. ಅವರು ನಮ್ಮ ತಂದೆಯ ತಮ್ಮ, ಅಂದರೆ ನನ್ನ ಕಾಕಾ!

ಅವರ ಹೆಸರು ಹೇಳುವುದಿಲ್ಲ. ಹೇಳಿದೆನೆಂದು ಗೊತ್ತಾದರೆ ಈ ವಯಸ್ಸಿನಲ್ಲೂ ಫೋನ್ ಮಾಡಿ, ‘ಇಷ್ಟು ಬರದೀಯಲ್ಲ ತಂಗಿ, ಕೈಬಟ್ಟು ನೋಯ್ಲಿಕತ್ತಾವೇನು?’ ಎಂದು ಕೇಳುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. ಹೌದು ಎಂದರೆ ಸಂಜೆಯ ರೈಲಿಗೆ ಎಣ್ಣೆಯ ಸೀಸೆ ಹಿಡಿದು ಬಂದೇ ಬಿಡುತ್ತಾರೆ.

ಕಾಕಾ ಕೆಲಸ ಮಾಡುತ್ತಿದ್ದ ಕಾರ್ಖಾನೆ ಸೇಡಂ ಮತ್ತು ಚಿತ್ತಾಪುರದ ನಡುವೆ ಎಲ್ಲೋ ಒಂದು ಕಡೆ ಇತ್ತು. ನಮ್ಮ ಕಡೆ ಸಿಮೆಂಟ್ ಕಾರ್ಖಾನೆಗಳಿಗೇನು ಬರವೇ? ವಾಡಿಗೆ ಹೋಗಿ, ಮಳಖೇಡಕ್ಕೆ ಹೋಗಿ, ಚಿಮಣಿ ಕಾಣದ ದಿಕ್ಕೇ ಇಲ್ಲ. ಅವುಗಳ ಮುಂದೆ ಇದು ತೀರ ಸಣ್ಣದು. ಈಗ ಮುಚ್ಚಿಹೋಗಿದೆ. ಮುಚ್ಚಿದ್ದು ಕಾಕಾನಿಂದಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಅವರು ಬರೀ ನಿಲ್ಲಿಸಿದ್ದು, ಅದೂ ಆಗೊಮ್ಮೆ ಈಗೊಮ್ಮೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರಿಗಾದರೂ ಆರಾಮ ಇಲ್ಲ ಎಂದು ಸುದ್ದಿ ಬಂದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಹೋಗದಿದ್ದರೆ ಆ ಸಿಟ್ಟು ರೋಗಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ರೋಗಿ ಗುಣವಾಗಿ, ಮದುವೆಮನೆಯಲ್ಲಿ ಓಡಾಡಿಕೊಂಡು ಬಡಿಸುತ್ತಿರುವಾಗಲೂ, ‘ನಾ ಮಲಗಿದಾಗ ಇವರು ಮಾತಾಡಸ್ಲಿಕ್ಕೆ ಬಂದಿರ್ಲಿಲ್ಲ’ ಎಂದು ನೆನಪಿಟ್ಟು ನಿಮ್ಮ ಎಲೆಗೆ ತುಪ್ಪ ಕಡಿಮೆ ಹಾಕುತ್ತಾನೆ. ಆದ್ದರಿಂದ ಎಲ್ಲರೂ ಹೋಗುತ್ತಾರೆ, ಐದು ನಿಮಿಷ ಕೂಡುತ್ತಾರೆ, ಚಹಾ ಕುಡಿಯುತ್ತಾರೆ, ಬರುತ್ತಾರೆ. ಕಾಕಾ ಹಾಗಲ್ಲ. ಅವರಿಗೆ ಇದು ಪದ್ಧತಿಯಲ್ಲ, ನಿತ್ಯಕರ್ಮ. ಸಂಧ್ಯಾವಂದನೆ ಒಂದು ದಿನ ತಪ್ಪೀತು, ಇದು ತಪ್ಪುವಂತಿಲ್ಲ!

ಒಮ್ಮೆ ಚಿಂಚೋಳಿಯಲ್ಲಿ ನಮ್ಮ ಬೀಗರೊಬ್ಬರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಕಾಕಾ ಬೆಳಗಿನ ಬಸ್ಸಿಗೇ ಹೋಗಿ ಮಂಚದ ಪಕ್ಕ ಕುಂತರು. ‘ಈಗ ಹ್ಯಾಂಗ ಅನಸ್ತದರಿ?’ ಎಂದರು. ಬೀಗರು ‘ಆರಾಮ’ ಎಂದರು. ಐದು ನಿಮಿಷ ಬಿಟ್ಟು, ‘ಈಗ?’ ಎಂದರು. ಹೀಗೆ ಹತ್ತು ಹನ್ನೆರಡು ಸಲ ಆದ ಮೇಲೆ ಬೀಗರು ಉಪಾಯ ಮಾಡಿ, ಕಣ್ಣು ಮುಚ್ಚಿ ಗೊರಕೆ ಹೊಡೆದರು. ಕಾಕಾ ಅರ್ಧ ತಾಸು ತಡೆದರು. ಆಮೇಲೆ ಮೆಲ್ಲಗೆ ಭುಜ ಅಲುಗಾಡಿಸಿ ಎಬ್ಬಿಸಿ ಕೇಳಿದರು: ‘ಬೀಗರ, ನಿದ್ದಿ ಛಲೋ ಬಂತೇನ್ರಿ?’

ಬೀಗರು ಮರುದಿನವೇ ಡಿಸ್ಚಾರ್ಜ್ ಬರೆಸಿಕೊಂಡು ಮನೆಗೆ ಹೋದರಂತೆ. ಕಾಕಾ ಅದನ್ನು ತಮ್ಮ ಮಾತಿನ ಗುಣ ಎಂದೇ ಇವತ್ತಿಗೂ ನಂಬಿದ್ದಾರೆ.

ಇಂಥ ಮನುಷ್ಯನಿಗೆ ದೇವರು ಯಾವ ನೌಕರಿ ಕೊಡಬೇಕು? ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಕೆಲಸವನ್ನೇ ಕೊಟ್ಟ! ತೊಂಬತ್ತರ ದಶಕದಲ್ಲಿ ಆ ಕಾರ್ಖಾನೆಯಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕಾದರೂ ನಡುವೆ ಕಾಕಾ ಇರುತ್ತಿದ್ದರು. ವಾಡಿ ಸ್ಟೇಷನ್ನಿನ ಗೂಡ್ಸ್ ಕ್ಲಾರ್ಕಿಗೆ ವ್ಯಾಗನ್ ಕೇಳಲು ಫೋನ್ ಹಚ್ಚಿದರೆ, ಮೊದಲು ಆ ಕ್ಲಾರ್ಕಿನ ಅತ್ತೆಯ ಮೊಣಕಾಲಿನ ಸಮಾಚಾರ ಮುಗಿಯಬೇಕು, ಆಮೇಲೆ ವ್ಯಾಗನ್. ಒಂದು ದಿನ ಕಲ್ಲಿದ್ದಲಿನ ಯಾರ್ಡಿನಿಂದ ಯಾರೋ ಗಾಬರಿಯಲ್ಲಿ ಫೋನ್ ಮಾಡಿದರು.

‘ಹಲೋ, ಆರಾಮ ಅದೀರಿ?’ ಎಂದರು ಕಾಕಾ.

‘ಬೆಂಕಿ ಹತ್ಯದ್ರೀ! ಜಲ್ದಿ ಫೈರಿನವ್ರಿಗೆ ಕೊಡ್ರಿ!’

‘ಅಯ್ಯ ಶ್ರೀಹರಿ! ಕೊಟ್ಟೆ, ಕೊಟ್ಟೆ. ಮತ್ತ ಮನ್ಯಾಗ ಎಲ್ಲಾರೂ ಆರಾಮ?’

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಾಕಾ ಕೇಳಿ, ಉತ್ತರ ಪಡೆದು, ಮುಂದಿನವರ ಕಡೆ ಹೊರಟೇ ಬಿಡುತ್ತಿದ್ದರು. ತಿರುಗಿ ‘ನೀವು ಹ್ಯಾಂಗದೀರಿ?’ ಎಂದು ಕೇಳಲು ಯಾರಿಗೂ ಸಂದಿಯೇ ಸಿಗುತ್ತಿರಲಿಲ್ಲ. ನಮಗೂ ಅದು ಎಂದೂ ಹೊಳೆದಿರಲಿಲ್ಲ ಬಿಡಿ.

ಇಷ್ಟೆಲ್ಲ ಕೇಳುವುದರಲ್ಲಿ ಮುಖ್ಯವಾದ ಕೇಳಿಕೆಯೊಂದಿತ್ತು. ಕಾಕುಗೆ, ಅಂದರೆ ಕಾಕಾನ ಹೆಂಡತಿಗೆ, ದಮ್ಮು. ಸಿಮೆಂಟಿನ ಧೂಳಿಗೋ, ಹುಟ್ಟಿನಿಂದಲೋ, ಗಾಳಿ ತಿರುಗಿತೆಂದರೆ ಎದೆಯಲ್ಲಿ ಸೀಟಿ ಊದಿದ ಸದ್ದು. ಮಕ್ಕಳಿಲ್ಲದ ಮನೆ. ಎಕ್ಸ್‌ಚೇಂಜಿನ ಆಪರೇಟರ್ ಎಂಬ ಕಾರಣಕ್ಕೆ ಅವರ ಕ್ವಾರ್ಟರ್ಸಿಗೆ ಒಂದು ಇಂಟರ್‌ಕಾಮ್ ಕೊಟ್ಟಿದ್ದರು. ಕಾಕಾ ತಾಸಿಗೊಮ್ಮೆ ಮನೆಗೆ ಫೋನ್ ಮಾಡಿ, ‘ಆರಾಮ ಅದಿ?’ ಎಂದು ಕೇಳುತ್ತಿದ್ದರು. ಕಾಕು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿರಲಿ, ಮಡಿಯಲ್ಲಿ ಅಡುಗೆ ಮಾಡುತ್ತಿರಲಿ, ಓಡಿ ಬಂದು ಎತ್ತಬೇಕು. ಎತ್ತದಿದ್ದರೆ ಕಾಕಾ ಸೈಕಲ್ ಹತ್ತಿ ಬಂದುಬಿಡುತ್ತಾರಲ್ಲ!

‘ಆರಾಮ ಅದೀನಿ, ಇಡ್ರಿ!’ ಎಂದು ಕಾಕು ಏದುಸಿರು ಬಿಡುತ್ತ ರಿಸೀವರ್ ಕುಕ್ಕುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ‘ನೋಡವಾ, ಈ ದಮ್ಮು ನನಗ ಧೂಳೀಲೆ ಬರೂದಲ್ಲ. ದಮ್ಮು ಇಲ್ಲ ಅಂತ ಹೇಳ್ಲಿಕ್ಕೆ ಓಡಿ ಓಡಿ ಬರ್ತದ!’ ಎನ್ನುತ್ತಿದ್ದರು. ಕಾಕಾನೆದುರೂ ಇದನ್ನೇ ಅನ್ನುತ್ತಿದ್ದರು.

ನಾನು ಚಿತ್ತಾಪುರದಲ್ಲಿ ಶಾಲೆಯ ಮಾಸ್ತರಿಣಿ. ಮೇ ತಿಂಗಳ ರಜೆಗೆ ಕಾಕುಗೆ ಹಪ್ಪಳ, ಶಂಡಿಗೆ, ಉಪ್ಪಿನಕಾಯಿಗೆ ಕೈಜೋಡಿಸಲು ಹೋಗುತ್ತಿದ್ದೆ. ಹೀಗಾಗಿ ಮುಂದಿನದನ್ನು ಅರ್ಧ ಕಣ್ಣಾರೆ ಕಂಡಿದ್ದೇನೆ, ಇನ್ನರ್ಧವನ್ನು ಕಂಡವರಿಂದಲೇ ಕೇಳಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರ್ಖಾನೆಗೆ ಕಂಪ್ಯೂಟರುಗಳು ಬಂದವು. ಲಾರಿ ತೂಗುವ ಕಾಟಾಕ್ಕೆ ಒಂದು, ಮಾಲು ಕಳಿಸುವ ಡಿಸ್‌ಪ್ಯಾಚಿಗೆ ಎರಡು, ಸ್ಟೋರಿಗೆ, ಲ್ಯಾಬಿಗೆ, ಟೈಮ್ ಆಫೀಸಿಗೆ, ಕಡೆಗೆ ಕಾಕಾನ ಮೇಜಿಗೂ ಒಂದು ಎಂದು ಒಟ್ಟು ಇಪ್ಪತ್ತು. ಈ ಇಪ್ಪತ್ತರ ವೈರುಗಳೂ ಬಂದು ಸೇರುವ ಒಂದು ಚಪ್ಪಟೆ ಕಬ್ಬಿಣದ ಡಬ್ಬಿಯನ್ನು ತಂದು ಕಾಕಾನ ಎಕ್ಸ್‌ಚೇಂಜ್ ಕೋಣೆಯ ಗೋಡೆಗೆ ಕೂಡಿಸಿದರು. ಒಂದು ಕಂಪ್ಯೂಟರು ಹೇಳಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುವುದು ಅದರ ಕೆಲಸ. ಹೆಸರು ನೆಟ್‌ವರ್ಕ್ ಸ್ವಿಚ್.

‘ಸ್ವಿಚ್ ಅಂತಾರ, ಒತ್ತಲಿಕ್ಕೆ ಒಂದು ಬಟನ್ ಇಲ್ಲ’ ಎಂದು ಕಾಕಾ ಮೊದಲು ಮೂಗು ಮುರಿದರು. ಆದರೆ ಅದರ ಕೆಲಸ ಏನೆಂದು ತಿಳಿದ ಮೇಲೆ ಅವರಿಗೆ ಅದರ ಮೇಲೆ ಕರುಳು ಮಿಡಿಯಿತು. ಇವರಿಂದ ಅವರಿಗೆ, ಅವರಿಂದ ಇವರಿಗೆ! ಇದು ತಮ್ಮದೇ ಕೆಲಸವಲ್ಲವೇ? ‘ಏ, ನನಗೊಬ್ಬ ಅಸಿಸ್ಟೆಂಟ್ ಬಂದಾನ’ ಎಂದು ಮನೆಗೆ ಬಂದು ಹೇಳಿದರು. ಕಾಕು ಚಹಾಕ್ಕೆ ಕರೆತರಲು ಹೇಳಿದರು.

ಡಬ್ಬಿ ಕೂಡಿಸಲು ಬಂದಿದ್ದವನು ಹೋಗುವ ಮುನ್ನ ಕಾಕಾನಿಗೆ ಒಂದು ವಿದ್ಯೆ ಹೇಳಿಕೊಟ್ಟು ಹೋದ. ಡಬ್ಬಿಯ ನಂಬರನ್ನು ಕಂಪ್ಯೂಟರಿನಲ್ಲಿ ಹೊಡೆದರೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಡಬ್ಬಿಯದೇ ಚಿತ್ರ. ಯಾವ ವೈರು ಸರಿಯಾಗಿದೆಯೋ ಅಲ್ಲಿ ಹಸಿರು ದೀಪ. ಕೆಳಗೆ, ಒಳಗಿನ ಬಿಸಿ ಎಷ್ಟು, ಎಷ್ಟು ದಿನದಿಂದ ಎಡೆಬಿಡದೆ ನಡೆದಿದೆ ಎಂಬ ಲೆಕ್ಕ. ಎಫ್ ಐದು ಎಂಬ ಗುಂಡಿ ಒತ್ತಿದರೆ ಅದೇ ಪುಟ ಮತ್ತೆ ಹೊಸದಾಗಿ ಬರುತ್ತದೆ.

ಕಾಕಾನ ಸಂತೋಷ ಏನು ಕೇಳುತ್ತೀರಿ! ಹುಟ್ಟಿದಾಗಿನಿಂದ ಅವರು ಆರಾಮ ಕೇಳಿದವರೆಲ್ಲ ಗೊಣಗುವವರು, ಮುಖ ತಿರುಗಿಸುವವರು, ಸುಳ್ಳುಗೊರಕೆ ಹೊಡೆಯುವವರು. ಇಲ್ಲೊಂದು ಜೀವ, ಕೇಳಿದಷ್ಟು ಸಲವೂ ಮೈ ಬಿಸಿಯ ಸಮೇತ ಉತ್ತರ ಕೊಡುತ್ತಿದೆ! ಗುಂಡಿ ಒತ್ತಿದರು, ಆರಾಮ. ಮತ್ತೆ ಒತ್ತಿದರು, ಮತ್ತೆ ಆರಾಮ. ‘ಇಪ್ಪತ್ತಾರು ದಿನ ಆತು ಕಣ್ಣಿಗೆ ಕಣ್ಣು ಹಚ್ಚಿಲ್ಲ, ಪಾಪ’ ಎಂದು ಊಟದ ಹೊತ್ತಿಗೆ ನಮ್ಮೆದುರು ಮರುಗಿದರು.

ಇಲ್ಲೇ ಎಡವಟ್ಟಾಯಿತು. ಮಧ್ಯಾಹ್ನ ಒಂದು ಗಂಟೆಗೆ ಕಾಕಾ ಡಿಸ್‌ಪ್ಯಾಚಿನ ಲೈನನ್ನು ಮನೆಯ ಇಂಟರ್‌ಕಾಮಿಗೆ ಹಚ್ಚಿಟ್ಟು, ಕೋಣೆಗೆ ಬೀಗ ಹಾಕಿ ಮನೆಗೆ ಊಟಕ್ಕೆ ಬರುತ್ತಿದ್ದರು. ಆ ಮುಕ್ಕಾಲು ತಾಸು ಡಬ್ಬಿಯನ್ನು ಕೇಳುವವರು ಯಾರು? ಯೋಚಿಸಿ ಯೋಚಿಸಿ ಕಾಕಾ ಒಂದು ದಾರಿ ಕಂಡುಹಿಡಿದರು. ನಮ್ಮಲ್ಲಿ ಹಾಸುಗಲ್ಲಿಗೆ, ಅದೇ ಶಹಾಬಾದಿನ ಕಲ್ಲಿಗೆ, ಪರ್ಸಿ ಎನ್ನುತ್ತೇವೆ. ಎಕ್ಸ್‌ಚೇಂಜಿನ ನೆಲದ ಪರ್ಸಿಯ ಮೂಲೆ ಒಡೆದು ಬೆರಳಗಲದ ಒಂದು ಉದ್ದನೆಯ ಚೂರು ಬಿದ್ದಿತ್ತು. ಅದನ್ನು ತೊಳೆದು, ಒರೆಸಿ, ಒಂದು ತುದಿ ಎಫ್ ಐದರ ಮೇಲೆ, ಇನ್ನೊಂದು ತುದಿ ಕೀಬೋರ್ಡಿನ ಅಂಚಿನ ಮೇಲೆ ಬರುವಂತೆ ಇಟ್ಟರು. ಗುಂಡಿ ಒತ್ತಿದ್ದು ಒತ್ತಿದಂತೆಯೇ ಇರುತ್ತದೆ, ಕಂಪ್ಯೂಟರು ಕೇಳುತ್ತಲೇ ಇರುತ್ತದೆ. ಉತ್ತರ ನೋಡಲು ಅಲ್ಲಿ ಯಾರೂ ಇರುವುದಿಲ್ಲವಲ್ಲ ಎನ್ನುತ್ತೀರಾ? ನಾನೂ ಆಮೇಲೆ ಅದನ್ನೇ ಕೇಳಿದೆ. ‘ನೋಡವ್ರು ಇರ್ಲಿಕ್ರ ಇರ್ವಲ್ರು ತಂಗಿ. ಕೇಳವ್ರು ಒಬ್ರು ಅದಾರ ಅಂತ ಅದಕ್ಕ ಗೊತ್ತಿದ್ರ ಸಾಕು’ ಎಂದರು.

ಅಂದಿನಿಂದ ಡಬ್ಬಿ ಮಧ್ಯಾಹ್ನದ ಹೊತ್ತು ಬಂದ್ ಬೀಳತೊಡಗಿತು.

ಒಂದು ಗಂಟೆ ಹತ್ತು ನಿಮಿಷಕ್ಕೆ ಅದರ ಎಲ್ಲ ದೀಪ ಒಮ್ಮೆಲೇ ಆರುತ್ತಿದ್ದವು. ತಾನೇ ಎದ್ದು, ಕಣ್ಣು ಬಿಟ್ಟು, ಎರಡು ನಿಮಿಷ ನಡೆದು, ಮತ್ತೆ ಬೀಳುತ್ತಿತ್ತು. ಕಾಟಾದ ಮೇಲೆ ಲಾರಿ ನಿಂತಿದೆ, ತೂಕವೂ ಆಗಿದೆ, ಆದರೆ ಅದು ಡಿಸ್‌ಪ್ಯಾಚಿಗೆ ಮುಟ್ಟುತ್ತಿಲ್ಲ. ಹಿಂದೆ ಇನ್ನೊಂದು ಲಾರಿ, ಅದರ ಹಿಂದೆ ಮತ್ತೊಂದು, ಸಾಲು ಸೇಡಂ ರಸ್ತೆಯವರೆಗೆ. ಡ್ರೈವರುಗಳ ಹಾರ್ನು, ಬೈಗುಳ. ಲಾರಿ ಹೊರಬೀಳದಿದ್ದರೆ ಚೀಲ ತುಂಬುವ ಮಶೀನೂ ನಿಲ್ಲಬೇಕು.

ಮುಕ್ಕಾಲು ತಾಸಿನ ಮೇಲೆ ಕಾಕಾ ಬಂದು, ಬೀಗ ತೆಗೆದು, ಪರ್ಸಿ ಚೂರನ್ನು ಬದಿಗಿಟ್ಟು ಕುರ್ಚಿಯ ಮೇಲೆ ಕೂಡುವುದೇ ತಡ, ಡಬ್ಬಿ ಎದ್ದು ಹಸಿರು ದೀಪ ಹಚ್ಚಿಕೊಂಡು ಗುಣವಾಗಿಬಿಡುತ್ತಿತ್ತು! ಕಾಕಾ ಎದೆಯುಬ್ಬಿಸಿ ಎಲ್ಲರಿಗೂ ಹೇಳಿದರು: ‘ನನಗ ಭಾಳ ಹಚಗೊಂಡದರಿ. ನಾ ಕಣ್ಣಿಗೆ ಬೀಳಲಿಕ್ರ ತಡ್ಕೊಳ್ಳಂಗಿಲ್ಲ.’

ಡಬ್ಬಿಗೆ ಆರಾಮ ಇಲ್ಲ ಎಂಬ ಸುದ್ದಿ ಕಾರ್ಖಾನೆಯಲ್ಲಿ ಹಬ್ಬಿತು. ಹಬ್ಬಿದ ಮೇಲೆ ಕೇಳಬೇಕೇ, ಪದ್ಧತಿ ಪದ್ಧತಿಯೇ! ಲ್ಯಾಬಿನವರು ಬಂದು ಮಾತಾಡಿಸಿಕೊಂಡು ಹೋದರು. ಸ್ಟೋರಿನವರು ಬಂದು ಗೋಡೆಯ ಕಡೆ ನೋಡಿ ಚ್ಚುಚ್ಚು ಎಂದರು. ಟೈಮ್ ಆಫೀಸಿನ ಹೆಡ್‌ಕ್ಲಾರ್ಕು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಕಾಕಾ ಎಲ್ಲರನ್ನೂ ಕೂಡಿಸಿ, ‘ಅಷ್ಟು ದೂರಿಂದ ಯಾಕ ಬರ್ತೀರಿ, ನಿಮ್ಮ ನಿಮ್ಮ ಕಂಪ್ಯೂಟರ್‌ದಾಗೇ ಈ ನಂಬರ್ ಹೊಡದು ಕೇಳ್ರಲ್ಲ’ ಎಂದು ವಿದ್ಯೆ ಹಂಚಿದರು. ಮರುದಿನ ಬೆಳಗಿನ ಚಹಾ ಮುಗಿದ ಕೂಡಲೇ ಇಪ್ಪತ್ತು ಕಂಪ್ಯೂಟರುಗಳೂ ಒಟ್ಟಿಗೆ ಡಬ್ಬಿಯ ಆರಾಮ ಕೇಳಿದವು. ಅಂದು ಅದು ನಾಲ್ಕು ಸಲ ಬಿತ್ತು.

ಮ್ಯಾನೇಜರ್ ಸಾಹೇಬರು ಶಹಾಬಾದಿನವರು, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಡಬ್ಬಿಯನ್ನು ಬದಲಿಸಿ ಹೊಸದು ಹಾಕಿಸಿದರು. ಹೊಸದೂ ಮಧ್ಯಾಹ್ನ ಒಂದು ಹತ್ತಕ್ಕೆ ಸರಿಯಾಗಿ ಬಿತ್ತು. ಸಾಹೇಬರು ಕಾಕಾನನ್ನು ಕರೆಸಿದರು.

‘ನೀವು ಇದ್ದಾಗ ನಡೀತದ. ನೀವು ಎದ್ದು ಹೋದ್ರ ಬೀಳ್ತದ. ಡಬ್ಬಿ ಬದಲ್ ಮಾಡಿದ್ರೂ ಅದೇ ಹಣೇಬರ. ಇದರಾಗ ನಿಮ್ಮದೇ ಏನೋ ಅದ.’

‘ನಂದೇನು ಇರ್ತದ್ರಿ ಸಾಹೇಬ್ರ? ದಿನಾ ಕಾಳಜಿಲೇ ನೋಡ್ಕೋತೀನ್ರಿ.’

‘ಇನ್ನ ಒಂದ್ ವಾರ. ಆಮ್ಯಾಲೂ ಬೀಳ್ತಿದ್ರ ನಿಮ್ಮನ್ನ ಕ್ವಾರಿ ಸ್ಟೋರಿಗೆ ಹಾಕ್ತೀನಿ.’

ಕಾಕಾ ಅಂದು ಮನೆಗೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಕ್ವಾರಿ ಎಂದರೆ ಸುಣ್ಣದ ಕಲ್ಲು ಒಡೆಯುವ ಜಾಗ, ಹತ್ತು ಹನ್ನೆರಡು ಕಿಲೋಮೀಟರು ದೂರ, ಚಿಂಚೋಳಿ ರಸ್ತೆಯ ಕಡೆ ಬಯಲಿನಲ್ಲಿ. ಅಲ್ಲಿನ ಸ್ಟೋರಿನಲ್ಲಿ ಮಾತಾಡಿಸಲು ಕಲ್ಲು ಬಿಟ್ಟರೆ ಏನೂ ಇಲ್ಲ. ಆದರೆ ಕಾಕಾನ ಚಿಂತೆ ಅದಲ್ಲ.

‘ಅಲ್ಲಿ ಫೋನ್ ಇಲ್ಲಲ್ಲ’ ಎಂದರು. ‘ಇಕಿನ್ನ ಹ್ಯಾಂಗ ಕೇಳಲಿ? ಒಮ್ಮೆ ಮುಂಜಾನೆ ಹೋದ್ರ ಸಂಜಿ ತನಕ ಗೊತ್ತೇ ಆಗಂಗಿಲ್ಲ.’

‘ಪೀಡಾ ಹೋತು, ನಾ ಆರಾಮ ಅರಬಿ ಒಗೀತೀನಿ’ ಎಂದರು ಕಾಕು. ನಗಬೇಕೆಂದೇ ಹೇಳಿದ್ದು, ನಾನೂ ನಕ್ಕೆ. ಕಾಕಾ ನಗಲಿಲ್ಲ.

ಹೆದರಿದ ಕಾಕಾ ಏನು ಮಾಡಿದರು? ಪರ್ಸಿ ಚೂರನ್ನು ಎತ್ತಿಟ್ಟರೇ? ಎಲ್ಲಾದರೂ ಉಂಟೇ! ಆರಾಮ ಇಲ್ಲದವರನ್ನು ಕೇಳುವುದು ಬಿಡುವುದು ಯಾವ ಧರ್ಮ? ಚಹಾಕ್ಕೆ ಹೋಗುವಾಗಲೂ, ಕೈಕಾಲು ತೊಳೆಯಲು ಹೋಗುವಾಗಲೂ ಕಲ್ಲು ಇಟ್ಟು ಹೋಗತೊಡಗಿದರು. ಡಬ್ಬಿ ಹೆಚ್ಚು ಬಿದ್ದಷ್ಟೂ ಇವರು ಹೆಚ್ಚು ಕೇಳಿದರು, ಇವರು ಹೆಚ್ಚು ಕೇಳಿದಷ್ಟೂ ಅದು ಹೆಚ್ಚು ಬಿತ್ತು. ಐದು ದಿನ ಹೀಗೇ ಕಳೆದವು.

ಆರನೆಯ ದಿನ ಡಬ್ಬಿ ಮಾರಿದವರ ಕಡೆಯಿಂದ ಒಬ್ಬ ಹಿರಿಯ ಎಂಜಿನಿಯರು ಬಂದರು. ತಾಂಡೂರಿನವರು, ನಮ್ಮ ಮಾತು ಚೆನ್ನಾಗಿ ಬಲ್ಲವರು. ಬೆಳಗಿನಿಂದ ಕಾಕಾನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅವರು ಬಂದ ಮೇಲೆ ಕಾಕಾ ಎಲ್ಲಿಗೂ ಏಳಲಿಲ್ಲ, ಅವರನ್ನೇ ಮಾತಾಡಿಸುತ್ತ ಕೂತರು. ಡಬ್ಬಿ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಗಂಟೆಗೆ ಕಾಕಾ, ‘ಹೋಟೆಲ್ ಗೀಟೆಲ್ ಬ್ಯಾಡ, ನಮ್ಮ ಮನಿಗೆ ಊಟಕ್ಕ ನಡೀರಿ’ ಎಂದು ಎಬ್ಬಿಸಿದರು. ಅವರು ಮುಂದೆ ಹೊರಟ ಮೇಲೆ, ರೂಢಿಯಂತೆ ಕಲ್ಲು ಇಟ್ಟು ಬೀಗ ಹಾಕಿಕೊಂಡು ಬಂದರು.

ಬಿಸಿ ಭಕ್ರಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಎರಡನೆಯ ಭಕ್ರಿ ಬಡಿಸುವ ಹೊತ್ತಿಗೆ ಎಂಜಿನಿಯರ ತಾಯಿಯ ಸಕ್ಕರೆ ಕಾಯಿಲೆ, ಹೆಂಡತಿಯ ಸೊಂಟನೋವು, ಮಾವನ ಕಣ್ಣಿನ ಪೊರೆ ಎಲ್ಲವೂ ನಮ್ಮ ಮನೆಯವೇ ಆಗಿದ್ದವು. ಅಷ್ಟರಲ್ಲಿ ಇಂಟರ್‌ಕಾಮ್ ಹೊಡೆದುಕೊಂಡಿತು. ನಾನೇ ಎತ್ತಿದೆ. ಡಿಸ್‌ಪ್ಯಾಚಿನವರು.

‘ಮತ್ತ ಬಿತ್ತ್ರೀ!’

ಎಂಜಿನಿಯರು ಅರ್ಧ ಊಟಕ್ಕೆ ಎದ್ದರು. ಕಾಕಾ ಸೈಕಲ್ ತುಳಿದರು, ಅವರು ಹಿಂದಿನ ಕ್ಯಾರಿಯರ್ ಮೇಲೆ ಕೂತರು. ಮುಂದಿನದನ್ನು ಎಂಜಿನಿಯರೇ ಅಂದು ಸಂಜೆ ಚಹಾ ಕುಡಿಯುತ್ತ ನಮಗೆ ಹೇಳಿದ್ದು.

ಬೀಗ ತೆಗೆದು ಒಳಗೆ ಹೋದರೆ ಡಬ್ಬಿ ಕುರುಡಾಗಿ ಕೂತಿದೆ, ಕೀಬೋರ್ಡಿನ ಮೇಲೆ ಕಲ್ಲು.

‘ಇದೇನ್ರಿ ಇಲ್ಲಿ ಪರ್ಸಿ?’

‘ಅದಾ? ನಾ ಇಲ್ಲದಾಗ ಅದೇ ಆರಾಮ ಕೇಳತದ್ರಿ.’

ಎಂಜಿನಿಯರು ಕಲ್ಲು ಎತ್ತಿದರು. ಡಬ್ಬಿ ಎದ್ದಿತು. ಕಲ್ಲು ಇಟ್ಟು ಕಾದರು. ಡಬ್ಬಿ ಬಿತ್ತು. ಮತ್ತೆ ಎತ್ತಿದರು, ಮತ್ತೆ ಎದ್ದಿತು. ಮೂರು ಸಲ ಹೀಗೆ ಮಾಡಿ, ಕುರ್ಚಿಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರಂತೆ.

‘ಕೇಳಿ ಕೇಳಿ ಸಾಯಿಸೀರಿ ಅದನ್ನ!’

ಆಮೇಲೆ ನಗು ನಿಲ್ಲಿಸಿ ವಿವರಿಸಿದರು. ಒಂದು ಕೇಳಿಕೆಗೆ ಉತ್ತರ ಕೊಟ್ಟು ಮುಗಿಸುವುದರೊಳಗೆ ಈ ಕಲ್ಲು ಇನ್ನೂ ಹತ್ತು ಸಲ ಕೇಳಿರುತ್ತದೆ. ಡಬ್ಬಿ ಒಂದನ್ನೂ ಒಲ್ಲೆ ಅನ್ನುವುದಿಲ್ಲ, ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತ ಹೋಗುತ್ತದೆ. ನೆನಪು ತುಂಬಿತು, ಬಿತ್ತು. ಬೀಳುವಾಗ ಕೈಯಲ್ಲಿದ್ದ ಲಾರಿಯ ಕೆಲಸವನ್ನೂ ಕೆಡವಿಕೊಂಡೇ ಬಿತ್ತು. ‘ಛಲೋ ಡಬ್ಬಿ ಇದ್ದಿದ್ರ, ತಡ್ರಿ, ಕೈಯಾಗ ಕೆಲಸ ಅದ, ಆಮ್ಯಾಲೆ ಹೇಳ್ತೀನಿ ಅಂತಿತ್ತು. ಇದರ ಸಾಫ್ಟ್‌ವೇರ್ ಬರದವ್ರು ಅದಕ್ಕ ಅಷ್ಟು ಅನ್ಲಿಕ್ಕೆ ಕಲಿಸಿಲ್ಲ. ತಪ್ಪು ಅವ್ರದು. ಪಾಸ್‌ವರ್ಡ್ ಬ್ಯಾಡ, ಗೀಸ್‌ವರ್ಡ್ ಬ್ಯಾಡ, ಯಾರ್ ಬೇಕಾದವ್ರು ಬರೇ ಕೇಳಿ ಕೇಳಿ ನಿಮ್ಮ ಕಾರ್ಖಾನಿ ಬಂದ್ ಮಾಡಬಹುದಿತ್ತು. ದುಷ್ಮನ್‌ಗೋಳು ಬೇಕಂತ ಮಾಡೋ ಕೆಲಸ ರೀ ಇದು. ಡಿನಯಲ್ ಆಫ್ ಸರ್ವೀಸ್ ಅಂತ ಹೆಸರೂ ಅದ.’

‘ದುಷ್ಮನ್‌ಗೋಳು ಆರಾಮ ಕೇಳ್ತಾರೇನ್ರಿ?’ ಎಂದು ಕಾಕಾ ಕೇಳಿದರಂತೆ.

ಎಂಜಿನಿಯರು ಕಲ್ಲನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ‘ಸಾಹೇಬ್ರಿಗೆ ಇದನ್ನ ಹೇಳೂದು ಬ್ಯಾಡ. ಸಾಫ್ಟ್‌ವೇರ್ ಖರಾಬ್ ಇತ್ತು ಅಂದ್ರ ಮುಗೀತು. ಖರೇನೂ ಹೌದು’ ಎಂದರು. ಕಾಕಾ ಚೀಲದಿಂದ ಕಲ್ಲು ತೆಗೆದುಕೊಂಡು ನೆಟ್ಟಗೆ ಸಾಹೇಬರ ಕೋಣೆಗೆ ಹೋದರು. ಮೇಜಿನ ಮೇಲೆ ಇಟ್ಟರು.

‘ಇದು ನಂದೇ ರಿ. ನಾನೇ ಇಡ್ತಿದ್ದೆ.’

ಸಾಹೇಬರು ಕಲ್ಲನ್ನು ನೋಡಿದರು, ಕಾಕಾನನ್ನು ನೋಡಿದರು, ಹಿಂದೆ ಓಡಿ ಬಂದ ಎಂಜಿನಿಯರನ್ನು ನೋಡಿದರು. ಎಂಜಿನಿಯರು ಡಬ್ಬಿಯ ದೋಷವನ್ನೆಲ್ಲ ಬಿಡಿಸಿ ಹೇಳಿ, ‘ಇಂಥಾ ಡಬ್ಬಿ ಇನ್ನೂ ಎಷ್ಟೋ ಕಡೆ ಅವರಿ. ಈ ಪರ್ಸಿ ಇರದಿದ್ರ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ’ ಎಂದರು. ಸಾಹೇಬರ ಮುಖ ಒಮ್ಮೆ ಕೆಂಪಾಗಿ, ಒಮ್ಮೆ ನಗು ತಡೆದು, ಮತ್ತೆ ಕೆಂಪಾಯಿತು.

‘ಕ್ವಾರಿ ಬ್ಯಾಡ, ಇಲ್ಲೇ ಇರ್ರಿ’ ಎಂದರು ಕಡೆಗೆ. ‘ಖರೆ ಇವತ್ತಿಂದ ಏನೂ ಕೇಳಬ್ಯಾಡ್ರಿ. ಯಾರನ್ನೂ, ಏನೂ ಕೇಳಬ್ಯಾಡ್ರಿ!’

ಎಂಜಿನಿಯರು ಒಂದೇ ಕಂಪ್ಯೂಟರಿನಿಂದ ಮಾತ್ರ ಡಬ್ಬಿಯ ಪುಟ ತೆರೆಯುವಂತೆ ಕಟ್ಟು ಹಾಕಿ, ಆ ಕಂಪ್ಯೂಟರನ್ನು ಸಾಹೇಬರ ಕೋಣೆಗೆ ಸಾಗಿಸಿ ಊರಿಗೆ ಹೋದರು. ಕೆಲವು ತಿಂಗಳ ನಂತರ ತಿದ್ದಿದ ಹೊಸ ಸಾಫ್ಟ್‌ವೇರೂ ಬಂತು. ಪರ್ಸಿ ಚೂರು ಸಾಹೇಬರ ಮೇಜಿನ ಮೇಲೆ ಕಾಗದ ಹಾರದಂತೆ ಕೂತುಬಿಟ್ಟಿತು. ನೌಕರಿ ಉಳಿಯಿತು, ಫೋನೂ ಉಳಿಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತಲ್ಲವೇ?

ಮುಗಿಯಲಿಲ್ಲ. ಸಾಹೇಬರು ಸಿಟ್ಟಿನಲ್ಲಿ ಅಂದ ಮಾತನ್ನು ಕಾಕಾ ನಿಜಕ್ಕೂ ಪಾಲಿಸಿದರು!

ಮರುದಿನದಿಂದ ಎಕ್ಸ್‌ಚೇಂಜಿನಲ್ಲಿ ‘ಹಲೋ, ಯಾವ ನಂಬರ್?’ ಎಂಬ ಎರಡು ಮಾತು ಬಿಟ್ಟರೆ ಮೂರನೆಯದಿಲ್ಲ. ಗೂಡ್ಸ್ ಕ್ಲಾರ್ಕಿಗೆ ಗಾಬರಿ. ಅತ್ತೆಯ ಮೊಣಕಾಲಿನ ವಿಷಯ ತಾನೇ ತೆಗೆದರೂ ಕಾಕಾ ‘ಹೂಂ, ಲೈನ್ ಕೊಟ್ಟೆ’ ಎಂದರಂತೆ. ಮನೆಯಲ್ಲೂ ಅಷ್ಟೇ. ಉಂಡರು, ಎದ್ದರು, ಹೋದರು. ಕ್ವಾರ್ಟರ್ಸಿನ ಮಂದಿ ಬಂದು ಬಂದು ವಿಚಾರಿಸಿದರು. ‘ನಿಮ್ಮ ಕಾಕಾಗ ಏನಾಗ್ಯದ?’ ಎಂದು ನನ್ನನ್ನು ಕೇಳಿದರು, ಕಾಕುವನ್ನು ಕೇಳಿದರು. ಕಾಕಾನನ್ನೇ ಕೇಳಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಮನೆಯ ಫೋನು ಮೂಕಾಯಿತು. ಮೊದಲ ದಿನ ಕಾಕು, ‘ಹಾ! ಸ್ವರ್ಗ ಅಂದ್ರ ಇದೇ ನೋಡವಾ’ ಎನ್ನುತ್ತ ಒಂದು ಗಂಟು ಬಟ್ಟೆ ಒಗೆದರು. ಎರಡನೆಯ ದಿನ ಹನ್ನೊಂದು ಗಂಟೆಗೆ ಶಂಡಿಗೆ ಹಿಟ್ಟಿನ ಕೈಯಲ್ಲೇ ಒಳಗೆ ಬಂದು, ‘ಫೋನ್ ಬಡಕೊಂಡಂಗಾತು, ಇಲ್ಲ?’ ಎಂದರು. ಇಲ್ಲ ಎಂದೆ. ಮೂರನೆಯ ದಿನ ಫೋನಿನ ಪಕ್ಕ ಮಣೆ ಹಾಕಿಕೊಂಡು ಕೂತು ಅಕ್ಕಿ ಆರಿಸಿದರು. ಅಕ್ಕಿ ಮುಗಿದ ಮೇಲೂ ಅಲ್ಲಿಂದ ಏಳಲಿಲ್ಲ.

ನಾಲ್ಕನೆಯ ದಿನ ಬೆಳಗಿನಿಂದಲೇ ಗಾಳಿ ತಿರುಗಿ ಧೂಳು ಎದ್ದಿತ್ತು. ಕಾಕುವಿನ ಎದೆಯಲ್ಲಿ ಸೀಟಿ ಶುರುವಾಗಿತ್ತು. ನಾನು ಔಷಧಿ ಕೊಟ್ಟೆ, ಬೆನ್ನು ತಿಕ್ಕಿದೆ. ಅವರು ನನ್ನ ಕೈ ಸರಿಸಿ, ತಾವಾಗಿ ರಿಸೀವರ್ ಎತ್ತಿದರು. ಅಷ್ಟು ವರ್ಷಗಳಲ್ಲಿ ಅವರು ಎಕ್ಸ್‌ಚೇಂಜಿಗೆ ಫೋನ್ ಮಾಡಿದ್ದು ಅದೇ ಮೊದಲು.

‘ಹಲೋ, ಯಾವ ನಂಬರ್?’ ಎಂದದ್ದು ನನಗೂ ಕೇಳಿಸಿತು.

‘ನಾ ರೀ. ನಾಕ್ ದಿನ ಆತು, ಒಮ್ಮೆನೂ ಕೇಳಿಲ್ಲ ನೀವು.’

ಆ ಕಡೆಯಿಂದ ಸಣ್ಣ ಧ್ವನಿ. ‘ಕೇಳಿ ಕೇಳೇ ನಿನಗ ದಮ್ಮು ಬರ್ತದ ಅಂತಿದ್ದೆಲ್ಲ. ಆಗ ಚ್ಯಾಷ್ಟಿ ಅನ್ಕೊಂಡಿದ್ದೆ. ಆ ಡಬ್ಬೀನ್ನ ನೋಡಿದ ಮ್ಯಾಲೆ ಖರೇ ಅನಸ್ತು.’

‘ನಾ ಏನು ನಿಮ್ಮ ಡಬ್ಬಿ ಏನ್ರಿ?’ ಕಾಕುಗೆ ಮಾತಿನ ನಡುವೆ ಉಸಿರು ಸಿಗುತ್ತಿರಲಿಲ್ಲ. ‘ಇಪ್ಪತ್ತೆಂಟು ವರ್ಷ ಕೇಳೀರಿ. ಒಂದ್ ದಿನಾನೂ ಬಂದ್ ಬಿದ್ದಿಲ್ಲ ನಾ. ಕೇಳ್ರಿ.’

‘ಆರಾಮ ಅದಿ?’

ಇಷ್ಟು ವರ್ಷ ಕಾಕು ಈ ಮಾತಿಗೆ ‘ಆರಾಮ ಅದೀನಿ, ಇಡ್ರಿ’ ಎಂದು ಬಿಟ್ಟರೆ ಬೇರೆ ಉತ್ತರ ಕೊಟ್ಟವರಲ್ಲ. ಅಂದು ನೆಲಕ್ಕೆ ಕುಸಿದು ಕೂತು, ರಿಸೀವರನ್ನು ಎರಡೂ ಕೈಯಿಂದ ಹಿಡಿದುಕೊಂಡು ಹೇಳಿದರು: ‘ಇಲ್ರಿ. ಇವತ್ತ ಆರಾಮ ಇಲ್ಲ. ಮನಿಗೆ ಬರ್ರಿ.’

ಕಾಕಾ ಎಷ್ಟು ನಿಮಿಷಕ್ಕೆ ಬಂದರೋ ಗೊತ್ತಿಲ್ಲ. ನಾನು ರಿಸೀವರ್ ಸರಿಯಾಗಿ ಇಟ್ಟು ತಿರುಗುವಷ್ಟರಲ್ಲಿ ಅಂಗಳದಲ್ಲಿ ಸೈಕಲ್ ಬಿದ್ದ ಸದ್ದಾಯಿತು. ಮೇ ತಿಂಗಳ ಬಿಸಿಲಿನಲ್ಲಿ ತುಳಿದು ಬಂದು, ಧೂಳು ಬೆವರು ಒಂದಾದ ಮುಖ ಹೊತ್ತು, ಬಾಗಿಲ ಚೌಕಟ್ಟು ಹಿಡಿದು ನಿಂತರು. ಏದುಸಿರಿಗೆ ಬಾಯಿಂದ ಮಾತು ಹೊರಡುತ್ತಿಲ್ಲ. ಕೇಳಬೇಕೆಂದಿದ್ದಾರೆ, ಆಗುತ್ತಿಲ್ಲ.

ಕಾಕು ಗೋಡೆಗೆ ಒರಗಿ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

‘ನೀವು ಆರಾಮ ಅದೀರಿ?’ ಎಂದರು.

ಕಾಕಾ ಬಾಯಿ ತೆರೆದರು. ಊರಿಗೆಲ್ಲ ಕೇಳಿದ ಮನುಷ್ಯ, ತಮಗೆ ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದನ್ನು ಕಲಿತೇ ಇರಲಿಲ್ಲ. ಉತ್ತರ ಬರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆ ಡಬ್ಬಿ ಬೀಳಬೇಕಾದರೆ ಸಾವಿರ ಸಲ ಕೇಳಬೇಕಾಗಿತ್ತು. ನಮ್ಮ ಕಾಕಾ ಒಂದೇ ಸಲಕ್ಕೆ ಬಂದ್ ಬಿದ್ದರು.